ಭುಜದ ಮೇಲಿನ ಪಟ್ಟಿ



ಹೋದ ಭಾನುವಾರ ಮನೆಗೆ ಬಂದಿದ್ದ ನಮ್ಮ ಸಂಘಟನೆ ಹುಡುಗ್ರು ಟೀಪಾಯಿ ಮೇಲಿದ್ದ ಆಲ್ಬಮ್ ತೆಗೆದು ನೋಡಿ ಕಕ್ಕಾಬಿಕ್ಕಿ ಆದ್ರು. ಮದುವೆ ಆಲ್ಬಮ್ ಅಂದ್ಕೊಂಡಿದ್ರಂತೆ. ಒಳಗೆ ನೋಡಿದ್ರೆ ಗಡ್ಡ ಮೀಸೆ ಬಿಟ್ಟ, ಸಾಲುಗುಂಡಿ ಕೋಟು ತೊಟ್ಟ, ತೊಡೆ ಮೇಲೆ ಕತ್ತಿ ಇಟ್ಕೊಂಡು ಕೂತ ಅಮೆರಿಕದ ಮಿಲಿಟರಿ ಆಫೀಸರ್‌ಗಳು. ಒಬ್ಬ ಕೇಳೇಬಿಟ್ಟ: "ಅಣ್ಣ, ಬಾಬಾಸಾಹೇಬರ ಫೋಟೋ ಹಂಚ್ಕೊಂಡು ತಿರುಗೋ ನೀವು ಈ ಬಿಳಿ ಸಾಹೇಬ್ರನ್ನ ಯಾಕಣ್ಣ ಕೂಡಿಟ್ಟಿದೀರ?"

ಆವತ್ತು ಟೀ ಕುಡಿಯೋ ಹೊತ್ತಲ್ಲಿ ಏನೋ ಹೇಳಿ ಜಾರ್ಕೊಂಡೆ. ಆದ್ರೆ ಪ್ರಶ್ನೆ ತಲೇಲಿ ಉಳೀತು. ಆ ಹುಡುಗನಿಗೆ ಕೊಡಬೇಕಿದ್ದ ಉತ್ತರ ಇದು. ಉದ್ದ ಆಗತ್ತೆ, ಪುರುಸೊತ್ತಿದ್ದಾಗ ಓದಿ.

ಬಿ.ಎ.ನಲ್ಲಿ ಇತಿಹಾಸ ನನ್ನ ಐಚ್ಛಿಕ ವಿಷಯ. ಅಮೆರಿಕದ ಅಂತರ್ಯುದ್ಧಕ್ಕೆ ನಮ್ಮ ಗೈಡಿನಲ್ಲಿದ್ದದ್ದು ಒಂದೂವರೆ ಪುಟ. 1861ರಿಂದ 1865, ಲಿಂಕನ್, ಗುಲಾಮಗಿರಿ ರದ್ದು, ಐದು ಅಂಕದ ಪ್ರಶ್ನೆ. ಗುಲಾಮರಾಗಿದ್ದವರೇ ಬಂದೂಕು ಹಿಡಿದು ಆ ಯುದ್ಧ ಮಾಡಿದ್ರು ಅನ್ನೋ ಒಂದು ವಾಕ್ಯವೂ ಆ ಒಂದೂವರೆ ಪುಟದಲ್ಲಿ ಇರ್ಲಿಲ್ಲ. ಅದು ಗೊತ್ತಾಗಿದ್ದು ಎಷ್ಟೋ ವರ್ಷ ಆದ್ಮೇಲೆ, 'ಗ್ಲೋರಿ' ಅನ್ನೋ 1989ರ ಸಿನಿಮಾದ ಸಿ.ಡಿ. ಗೆಳೆಯರೊಬ್ರು ಕೊಟ್ಟಾಗ. ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟ್, ಅಷ್ಟೂ ಕಪ್ಪು ಸೈನಿಕರು. ಒಟ್ಟು ಸುಮಾರು 1,79,000 ಕಪ್ಪು ಜನ ಉತ್ತರದ ಸೈನ್ಯದಲ್ಲಿದ್ದರು, ಅಂದ್ರೆ ಆ ಸೈನ್ಯದ ಹತ್ತರಲ್ಲೊಂದು ಪಾಲು. ಆ ರಾತ್ರಿ ಸಿನಿಮಾ ಮುಗಿದ ಮೇಲೆ ಒಂದು ಆಸೆ ಹುಟ್ಟಿತು: ಇವರ ನಿಜವಾದ ಮುಖ ನೋಡ್ಬೇಕು.

ನೋಡೋದು ಕಷ್ಟ ಆಗ್ಲಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಆ ಕಾಲದ ಸಾವಿರಾರು ಫೋಟೋಗಳನ್ನ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇಟ್ಟಿದೆ. ದೊಡ್ಡ ಸೈಜಿನ ಫೈಲು ಇಳಿಸ್ಕೊಂಡ್ರೆ ಕೋಟಿನ ಗುಂಡಿ ಮೇಲಿನ ಹದ್ದು ಕೂಡ ಕಾಣತ್ತೆ. ನಾನು ಮಾಡೋದಿಷ್ಟೆ. ರಾತ್ರಿ ಇಳಿಸ್ಕೊಳೋದು, ಪೆನ್‌ಡ್ರೈವಿಗೆ ಹಾಕೋದು, ನಮ್ಮೂರ ಬಸ್‌ಸ್ಟ್ಯಾಂಡ್ ಹತ್ರದ ಸ್ಟುಡಿಯೋದಲ್ಲಿ ಪ್ರಿಂಟ್ ಹಾಕ್ಸೋದು. ಸ್ಟುಡಿಯೋದವನು ಮೊದಮೊದಲು "ಇವ್ರು ಯಾರ್ ಸಾರ್, ಫಾದರ್‌ಗಳಾ?" ಅಂತಿದ್ದ. ಈಗ ಅವನೇ "ಸಾರ್, ಇವತ್ತು ಕ್ಯಾಪ್ಟನ್ನಾ ಮೇಜರ್ರಾ?" ಅಂತಾನೆ. ಸಂಗ್ರಾಹಕ ಅಂತ ಕರೆಸಿಕೊಳ್ಳೋ ಯೋಗ್ಯತೆ ನನಗಿಲ್ಲ. ಅಲ್ಲಿನ ನಿಜವಾದ ಸಂಗ್ರಾಹಕರು ಒಂದೊಂದು ಅಪರೂಪದ ಫೋಟೋಕ್ಕೆ ಸಾವಿರಾರು ಡಾಲರ್ ಸುರೀತಾರೆ. ನನ್ನ ಹತ್ರ ಇರೋ ಅಸಲಿ ಒಂದೇ ಒಂದು. ಅದರ ಕಥೆ ಆಮೇಲೆ.

ಆ ಕಾಲದ ಫೋಟೋದಲ್ಲಿ ಮುಖ್ಯವಾಗಿ ಎರಡು ಥರ. ಒಂದು ಟಿನ್‌ಟೈಪ್. ಹೆಸರಲ್ಲಿ ಟಿನ್ ಇದ್ರೂ ತಗಡು ಕಬ್ಬಿಣದ್ದು. ಅದರ ಮೇಲೇ ನೇರವಾಗಿ ಚಿತ್ರ ಮೂಡೋದ್ರಿಂದ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲು. ಬೆಲ್ಟಿನ ಬಕ್ಕಲ್ ಮೇಲಿನ ಅಕ್ಷರ ಉಲ್ಟಾ ಇರತ್ತೆ. ಒಂದಕ್ಕೆ ಒಂದೇ ಪ್ರತಿ. ಇನ್ನೊಂದು ಕಾರ್ಟ್ ದ ವಿಸೀಟ್. 1854ರಲ್ಲಿ ಪ್ಯಾರಿಸ್ಸಿನ ದಿಸ್ದೇರಿ ಅನ್ನೋನು ಪೇಟೆಂಟ್ ಮಾಡಿದ್ದು. ಎರಡೂವರೆ ಇಂಚು ಅಗಲ, ನಾಲ್ಕಿಂಚು ಉದ್ದದ ರಟ್ಟಿನ ಮೇಲೆ ಅಂಟಿಸಿದ ಕಾಗದದ ಫೋಟೋ. ನೆಗೆಟಿವ್ ಇರೋದ್ರಿಂದ ಡಜನ್‌ಗಟ್ಟಲೆ ಪ್ರಿಂಟ್ ಹಾಕ್ಸಿ ಹಂಚಬಹುದು. ಆಫೀಸರ್‌ಗಳಿಗೆ ಇದೇ ಇಷ್ಟ. ಯುದ್ಧಕ್ಕೆ ಹೊರಡೋಕೆ ಮುಂಚೆ ಸ್ಟುಡಿಯೋಕ್ಕೆ ಹೋಗಿ ತೆಗೆಸಿಕೊಂಡು ಅಮ್ಮಂಗೆ, ಹೆಂಡ್ತಿಗೆ, ಜೊತೆಯವ್ರಿಗೆ ಕೊಟ್ಟು ಹೋಗೋರು. ಕೆಲವು ಸೆಕೆಂಡು ಅಲ್ಲಾಡಬಾರದು. ಅದಕ್ಕೆ ತಲೆ ಹಿಂದೆ ಒಂದು ಕಬ್ಬಿಣದ ಸ್ಟ್ಯಾಂಡು. ಸರಿಯಾಗಿ ನೋಡಿದ್ರೆ ಎಷ್ಟೋ ಫೋಟೋದಲ್ಲಿ ಸಾಹೇಬರ ಬೂಟಿನ ಹಿಂದೆ ಆ ಸ್ಟ್ಯಾಂಡಿನ ಕಾಲು ಇಣುಕ್ತಿರತ್ತೆ. ನನಗೆ ಅದನ್ನ ಹುಡುಕೋದೇ ಒಂದು ಖುಷಿ. ಎಷ್ಟೇ ದೊಡ್ಡ ಕರ್ನಲ್ ಆದ್ರೂ ಕತ್ತಿನ ಹಿಂದೆ ಒಂದು ಊರುಗೋಲು!

ಇನ್ನು ಭುಜದ ಪಟ್ಟಿ. ಫೋಟೋದಲ್ಲಿ ಮನುಷ್ಯ ಯಾರು ಅಂತ ಗೊತ್ತಿಲ್ದೇ ಇದ್ರೂ ಪಟ್ಟಿ ಹೇಳಿಬಿಡತ್ತೆ. ಖಾಲಿ ಪಟ್ಟಿ ಅಂದ್ರೆ ಸೆಕೆಂಡ್ ಲೆಫ್ಟಿನೆಂಟ್. ಎರಡು ತುದೀಲೂ ಒಂದೊಂದು ಗೆರೆ ಇದ್ರೆ ಫಸ್ಟ್ ಲೆಫ್ಟಿನೆಂಟ್, ಎರಡೆರಡು ಇದ್ರೆ ಕ್ಯಾಪ್ಟನ್. ಮೇಜರ್‌ಗೆ ಓಕ್ ಎಲೆ, ಕರ್ನಲ್‌ಗೆ ಹದ್ದು, ಜನರಲ್‌ಗೆ ನಕ್ಷತ್ರ. ಗುಂಡಿ ಒಂದು ಸಾಲಿದ್ರೆ ಕ್ಯಾಪ್ಟನ್ ಮತ್ತು ಕೆಳಗೆ, ಎರಡು ಸಾಲಿದ್ರೆ ಮೇಜರ್ ಮತ್ತು ಮೇಲೆ. ನಾವು ಗುಮಾಸ್ತರಿಗೆ ಇದು ಬೇಗ ತಲೆಗೆ ಹತ್ತತ್ತೆ. ಎಸ್‌ಡಿಎ, ಎಫ್‌ಡಿಎ, ಸೂಪರಿಂಟೆಂಡೆಂಟ್ ಅಂತ ಕುರ್ಚಿ ನೋಡೇ ಮನುಷ್ಯನ್ನ ಗುರುತು ಹಿಡಿಯೋರಲ್ವಾ ನಾವು.

ಈಗ ಹುಡುಗನ ಪ್ರಶ್ನೆಗೆ ಬರ್ತೀನಿ. ಕಪ್ಪು ಸೈನಿಕರ ಮುಖ ಹುಡುಕ್ಕೊಂಡು ಹೋದವನ ಆಲ್ಬಮ್ಮಿನಲ್ಲಿ ಬಿಳಿಯರೇ ಯಾಕೆ ತುಂಬಿದ್ದಾರೆ? ಯಾಕಂದ್ರೆ ಕಪ್ಪು ರೆಜಿಮೆಂಟಿಗೂ ಆಫೀಸರ್‌ಗಳು ಬಿಳಿಯರೇ. 1863ರ ಮೇ ತಿಂಗಳಲ್ಲಿ ಸರ್ಕಾರ ಕಪ್ಪು ಪಡೆಗಳಿಗೇ ಅಂತ ಒಂದು ಬ್ಯೂರೋ ತೆಗೀತು. ಸೈನಿಕ ಕಪ್ಪು, ಸಾರ್ಜೆಂಟ್ ಕಪ್ಪು, ಅಲ್ಲಿಂದ ಮೇಲಕ್ಕೆ ಬಿಳಿ. ಯುದ್ಧ ಮುಗಿಯೋವರೆಗೂ ಆಫೀಸರ್ ಪದವಿ ಸಿಕ್ಕ ಕಪ್ಪು ಜನ, ಡಾಕ್ಟರು ಪಾದ್ರಿಗಳನ್ನ ಸೇರಿಸಿ, ನೂರಕ್ಕೆ ಅತ್ತಿತ್ತ. ಒಂದು ಮುಕ್ಕಾಲು ಲಕ್ಷ ಜನರಲ್ಲಿ!

ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಬ್ರಿಟಿಷ್ ಸೈನ್ಯದಲ್ಲಿ ಸುಬೇದಾರ್ ಆಗಿದ್ರು ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ. ಹೇಳ್ಲೇಬೇಕು. ಆದ್ರೆ ಆ ಸೈನ್ಯದಲ್ಲಿ ಎಷ್ಟೇ ವರ್ಷ ಸರ್ವಿಸ್ ಆಗಿರೋ ಸುಬೇದಾರನೂ ಮೊನ್ನೆ ಬಂದ ಬಿಳಿ ಲೆಫ್ಟಿನೆಂಟ್‌ಗೆ ಸೆಲ್ಯೂಟ್ ಹೊಡೀಬೇಕಿತ್ತು. ಆಮೇಲೆ 1890ರ ದಶಕದಲ್ಲಿ ಮಹಾರರ ಭರ್ತಿಯನ್ನೇ ನಿಲ್ಸಿದ್ರು. ಜ್ಯೋತಿಬಾ ಫುಲೆಯವರು 1873ರಲ್ಲಿ 'ಗುಲಾಮಗಿರಿ' ಪುಸ್ತಕವನ್ನ ಗುಲಾಮರ ಬಿಡುಗಡೆಗೆ ದುಡಿದ ಅಮೆರಿಕದ ಜನರಿಗೆ ಅರ್ಪಣೆ ಮಾಡಿದ್ರು. ಯುದ್ಧ ಮುಗಿದು ಎಂಟೇ ವರ್ಷ ಆಗಿತ್ತು. ನನ್ನ ಆಲ್ಬಮ್ಮಿನಲ್ಲಿರೋ ಮುಖಗಳಲ್ಲಿ ಎಷ್ಟೋ ಜನ ಆಗ ಬದುಕಿದ್ರು.

ಬಿಳಿ ಆಫೀಸರ್‌ಗಳ ಬಗ್ಗೆ ನನಗೆ ಒಂದೇ ಅಭಿಪ್ರಾಯ ಇಲ್ಲ. ಬಿಳಿ ರೆಜಿಮೆಂಟಿನಲ್ಲಿ ಸಾರ್ಜೆಂಟ್ ಆಗಿದ್ದೋನು ಇಲ್ಲಿ ಬಂದ್ರೆ ಕ್ಯಾಪ್ಟನ್ ಆಗಬಹುದಿತ್ತು. ಆ ಆಸೆಗೆ ಬಂದೋರು ಇದ್ರು. ಆದ್ರೆ ಕಪ್ಪು ಪಡೆ ನಡೆಸೋ ಬಿಳಿ ಆಫೀಸರ್ ಸಿಕ್ಕಿಬಿದ್ರೆ ಗುಲಾಮರನ್ನ ದಂಗೆ ಎಬ್ಬಿಸಿದ ಅಪರಾಧಕ್ಕೆ ಸಾಯ್ಸಬಹುದು ಅಂತ ದಕ್ಷಿಣದವರು 1863ರಲ್ಲಿ ನಿರ್ಣಯ ಮಾಡಿದ್ರು. ಅದು ಗೊತ್ತಿದ್ದೂ ಬಂದೋರೂ ಇವರೇ. 54ರ ಕರ್ನಲ್ ರಾಬರ್ಟ್ ಗೋಲ್ಡ್ ಶಾ ವ್ಯಾಗ್ನರ್ ಕೋಟೆ ಮೇಲಿನ ದಾಳಿಯಲ್ಲಿ ಸತ್ತಾಗ ಅವನನ್ನ ಅವನ ಕಪ್ಪು ಸೈನಿಕರ ಜೊತೆ ಒಂದೇ ಗುಂಡೀಲಿ ಹಾಕಿದ್ರು. ಹೆಣ ತೆಗೆಸಿ ಬೇರೆ ಮಣ್ಣು ಮಾಡೋದು ಬೇಡ, ಅಲ್ಲೇ ಇರ್ಲಿ ಅಂದೋನು ಅವನ ಅಪ್ಪ. ಆದ್ರೂ ನೋಡಿ, ಬಾಸ್ಟನ್ನಿನಲ್ಲಿ 1897ರಲ್ಲಿ ಸ್ಮಾರಕ ಮಾಡಿದಾಗ ಕುದುರೆ ಮೇಲೆ ಶಾ, ಕೆಳಗೆ ನಡಕೊಂಡು ಹೋಗೋ ಕಪ್ಪು ಸೈನಿಕರು. ಕಲ್ಲಿನ ಮೇಲೆ ಕೆತ್ತಿದ್ದು ಸತ್ತ ಬಿಳಿ ಆಫೀಸರ್‌ಗಳ ಹೆಸರು. ಸತ್ತ ಕಪ್ಪು ಸೈನಿಕರ ಹೆಸರು ಅಲ್ಲಿ ಬಂದಿದ್ದು 1980ರ ದಶಕದಲ್ಲಿ. ನಮ್ಮ ಹೋರಾಟದ ವೇದಿಕೆಗಳಲ್ಲಿ ಮೈಕ್ ಯಾರ ಕೈಲಿರತ್ತೆ, ಕುರ್ಚಿ ಹಾಕೋರು ಯಾರು ಅಂತ ಇಲ್ಲಿ ಎಳೆಯೋಕೆ ಹೋಗಲ್ಲ. ಓದ್ತಿರೋ ಪ್ರಗತಿಪರ ಗೆಳೆಯರಿಗೆ ಗೊತ್ತಾಗತ್ತೆ.

ಆ ದಾಳಿಯಲ್ಲಿ ಮೇಲಿನವರೆಲ್ಲ ಸತ್ತು ಅಥವಾ ಗಾಯಗೊಂಡು ಬಿದ್ದಾಗ ಪಡೆ ನಡೆಸಿದೋನು ಲೂಯಿ ಎಮಿಲಿಯೊ ಅನ್ನೋ ಹದಿಹರೆಯದ ಕ್ಯಾಪ್ಟನ್. 1891ರಲ್ಲಿ ರೆಜಿಮೆಂಟಿನ ಚರಿತ್ರೆ ಬರೆದು ಪ್ರಕಟಿಸಿದ. ಅದಕ್ಕೆ ಅಂತ ಜೊತೆಯವರ ಫೋಟೋ ಕೂಡಿಸಿದ. ಇವತ್ತು 54ರ ಮುಖಗಳು ನಮಗೆ ಸಿಗೋದರಲ್ಲಿ ಅವನ ಪಾಲು ದೊಡ್ಡದು. ಮುಂದೆ ಮಿಲಿಟರಿ ಕೋಟಿನ ಗುಂಡಿಗಳನ್ನೂ ಸಂಗ್ರಹಿಸಿ ಅದಕ್ಕೊಂದು ಕೆಟಲಾಗೇ ಬಂತು. ಮಹಾರಾಯ, ನನಗಿಂತ ದೊಡ್ಡ ಹುಚ್ಚ.

ಆ ಸಂಗ್ರಹದ ದಾರಿಯಲ್ಲೇ ನನಗೆ ಸಿಕ್ಕಿದ್ದು ಸ್ಟೀಫನ್ ಸ್ವೇಲ್ಸ್.

ಇದನ್ನ ಬರೆಯೋಕೆ ಮುಂಚೆ ನನ್ನ ಒಂದು ವಿಷಯ ಹೇಳ್ಬೇಕು. ನನಗೆ ಸೂಪರಿಂಟೆಂಡೆಂಟ್ ಬಡ್ತಿ ಸಿಕ್ಕಿದಾಗ ಅವ್ವ ಒಂದು ಮಾತು ಹೇಳಿದ್ಲು, "ಒಳ್ಳೆ ಬಟ್ಟೆ ಹಾಕ್ಕಂಡು ಒಂದು ಫೋಟ ಹೊಡುಸ್ಕ ಮಗ". ಹೊಡೆಸ್ಕೊಂಡೆ. ಕೋಟು ಸ್ಟುಡಿಯೋದವನದೇ, ತೋಳು ಗಿಡ್ಡ. ಅವ್ವ ಅದಕ್ಕೆ ಕಟ್ಟು ಹಾಕ್ಸಿ ಊರ ಮನೆ ನಡುಗೋಡೆಯಲ್ಲಿ ಬಾಬಾಸಾಹೇಬರ ಫೋಟೋ ಕೆಳಗೆ ನೇತು ಹಾಕಿದ್ಲು. ನಮ್ಮ ಕೇರೀಲಿ ಅದೇ ಮೊದಲನೇ ಆಫೀಸರ್ ಫೋಟೋ ಅಂತ ಅವಳ ಲೆಕ್ಕ. ಸೂಪರಿಂಟೆಂಡೆಂಟ್ ಅಂದ್ರೆ ಆಫೀಸರ್ ಅಲ್ಲ ಅವ್ವ ಅಂತ ನಾನೂ ಹೇಳೋಕೆ ಹೋಗ್ಲಿಲ್ಲ.

2017ರ ಫೆಬ್ರವರಿಯಲ್ಲಿ ಬಡ್ತಿ ಮೀಸಲಾತಿಯ 2002ರ ಕಾಯ್ದೆ ರದ್ದಾಯ್ತು. ಜ್ಯೇಷ್ಠತಾ ಪಟ್ಟಿ ಮತ್ತೆ ಮಾಡಿದ್ರು. ನಿಮ್ಮಲ್ಲಿ ಎಷ್ಟೋ ಜನ ಆ ದಿನಗಳನ್ನ ಕಂಡಿದೀರಿ. ಮುಂದಿನ ವರ್ಷ ನನ್ನ ಕೈಗೂ ಹಿಂಬಡ್ತಿ ಆದೇಶ ಬಂತು. ಅದೇ ಕಚೇರಿ, ಅದೇ ಹಾಲ್. ನಾಲ್ಕು ಹೆಜ್ಜೆ ಆಚೆ ಹಳೇ ಟೇಬಲ್ಲು. ನೆನ್ನೆವರೆಗೂ ನನ್ನ ಸಹಿಗೆ ಕಡತ ತರ್ತಿದ್ದವರ ಎದುರು ಇವತ್ತು ನಾನು ಕಡತ ಹಿಡ್ಕೊಂಡು ನಿಂತೆ. ಯಾರೂ ನಗ್ಲಿಲ್ಲ. ನಗದೇ ಇದ್ದದ್ದೇ ಹೆಚ್ಚು ಕಷ್ಟ ಆಯ್ತು. ಒಬ್ರು ಮಾತ್ರ, ಒಳ್ಳೆ ಮನುಷ್ಯರೇ, "ನೀವು ಬೇಜಾರ್ ಮಾಡ್ಕೋಬೇಡಿ, ಇದು ಪರ್ಸನಲ್ ಅಲ್ಲ" ಅಂದ್ರು.

ಅವ್ವಂಗೆ ಹೇಳಿರ್ಲಿಲ್ಲ. ಅದೇ ಊರಿನ ಇನ್ನೊಬ್ರು ಹೇಳಿಬಿಟ್ಟಿದ್ರು. ಹಬ್ಬಕ್ಕೆ ಹೋದಾಗ ಊಟಕ್ಕೆ ಬಡಿಸ್ತಾ ಗೋಡೆ ಕಡೆ ನೋಡಿ ಕೇಳಿದ್ಲು: "ಮಗ, ಫೋಟ ಇಳ್ಸಿಬುಡ್ಲಾ?"

ತುತ್ತು ಗಂಟಲಲ್ಲೇ ನಿಂತ್ಕೊಳ್ತು. ಬಸ್ಸಿಗೆ ಹೊತ್ತಾಯ್ತು ಅಂತ ಎದ್ದುಬಿಟ್ಟೆ.

ಸ್ವೇಲ್ಸ್ ಸಿಕ್ಕಿದ್ದು ಆ ದಿನಗಳಲ್ಲೇ. ನಿದ್ದೆ ಬರ್ತಿರ್ಲಿಲ್ಲ. ರಾತ್ರಿ ಎರಡು ಗಂಟೆವರೆಗೂ ಕಂಪ್ಯೂಟರ್ ಮುಂದೆ ಕೂತ್ಕೊಂಡು ಒಂದಾದ ಮೇಲೊಂದು ಮುಖ ನೋಡ್ತಿದ್ದೆ. ಪೆನ್ಸಿಲ್ವೇನಿಯಾದಲ್ಲಿ 1832ರಲ್ಲಿ ಹುಟ್ಟಿದ ದೋಣಿ ಕೆಲಸದವನು. 54ಕ್ಕೆ ಸೇರಿ ಸಾರ್ಜೆಂಟ್ ಆದ. 1864ರ ಫೆಬ್ರವರಿ 20ರಂದು ಫ್ಲಾರಿಡಾದ ಒಲಸ್ಟೀ ಯುದ್ಧದಲ್ಲಿ ತಲೆಗೆ ಗಾಯ ಆಯ್ತು. ಅವನ ಧೈರ್ಯ ಕಂಡು ಮ್ಯಾಸಚೂಸೆಟ್ಸ್ ಗವರ್ನರ್ ಆಂಡ್ರೂ ಮಾರ್ಚ್ ತಿಂಗಳಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಅಂತ ಆದೇಶ ಕೊಟ್ಟ. ಆದ್ರೆ ವಾಷಿಂಗ್ಟನ್ನಿನ ಯುದ್ಧ ಇಲಾಖೆ ಒಪ್ಪಲಿಲ್ಲ. ಕಾರಣ ಮುಚ್ಚಿಡಲೂ ಇಲ್ಲ, ಆಫ್ರಿಕನ್ ಮೂಲದವನು ಅಂತ. ಆದೇಶ ಜೇಬಲ್ಲಿದೆ, ಪದವಿ ಇಲ್ಲ. ಅವನ ಕರ್ನಲ್ಲು, ಗವರ್ನರು ಪತ್ರದ ಮೇಲೆ ಪತ್ರ ಬರೆದ್ರು. ಒಪ್ಪಿಗೆ ಬಂದಿದ್ದು 1865ರ ಜನವರಿಯಲ್ಲಿ. ಹತ್ತು ತಿಂಗಳು.

ಸಂಬಳದಲ್ಲೂ ಇದೇ ಕಥೆ. ಬಿಳಿ ಸೈನಿಕನಿಗೆ ತಿಂಗಳಿಗೆ 13 ಡಾಲರ್. ಕಪ್ಪು ಸೈನಿಕನಿಗೆ 10, ಅದರಲ್ಲಿ ಬಟ್ಟೆಗೆ ಅಂತ 3 ಹಿಡ್ಕೊಂಡು ಕೈಗೆ 7. 54ರವರು ಏನು ಮಾಡಿದ್ರು ಗೊತ್ತಾ? ಆ 7 ಡಾಲರನ್ನ ಮುಟ್ಟಲೇ ಇಲ್ಲ. ಕೊಟ್ರೆ ಪೂರ್ತಿ ಕೊಡಿ, ಇಲ್ದಿದ್ರೆ ಬೇಡ ಅಂತ ವರ್ಷದ ಮೇಲೆ ಸಂಬಳ ಇಲ್ದೆ ಯುದ್ಧ ಮಾಡಿದ್ರು. ಊರಲ್ಲಿ ಹೆಂಡ್ತಿ ಮಕ್ಕಳು ಉಪವಾಸ. 1864ರಲ್ಲಿ ಸಮಾನ ಸಂಬಳದ ಕಾನೂನು ಬಂದ ಮೇಲೆ ಬಾಕಿ ತಗೊಂಡ್ರು. ಒಂದು ದಿನದ ಸಾಮೂಹಿಕ ರಜೆ ಹಾಕೋಕೆ ಹತ್ತು ಸಲ ಯೋಚನೆ ಮಾಡೋ ನಮ್ಮ ನೌಕರರ ಸಂಘದಲ್ಲಿ ಇದನ್ನ ಒಂದ್ಸಲ ಹೇಳಿದ್ದೆ. ಅಧ್ಯಕ್ಷರು ಮುಂದಿನ ವಿಷಯಕ್ಕೆ ಹೋದ್ರು.

ಡಾಕ್ಟರ್ ಅಲೆಕ್ಸಾಂಡರ್ ಆಗಸ್ಟಾ ಇನ್ನೊಬ್ಬ. ಅಮೆರಿಕದಲ್ಲಿ ಸೀಟು ಸಿಗದೆ ಕೆನಡಾದ ಟೊರಾಂಟೊಗೆ ಹೋಗಿ ಡಾಕ್ಟರ್ ಆದವನು. 1863ರಲ್ಲಿ ಸೇನೆಯ ಸರ್ಜನ್, ಮೇಜರ್ ದರ್ಜೆ. ಆ ಮೇ ತಿಂಗಳಲ್ಲಿ ಬಾಲ್ಟಿಮೋರಿನಲ್ಲಿ ರೈಲಲ್ಲಿ ಸಮವಸ್ತ್ರ ಹಾಕ್ಕೊಂಡು ಕೂತಿದ್ದಾಗ ಗುಂಪು ನುಗ್ಗಿ ಭುಜದ ಪಟ್ಟಿ ಕಿತ್ತು ಹಾಕ್ತು. ಗಮನಿಸಿ, ಪರ್ಸ್ ಅಲ್ಲ, ಗಡಿಯಾರ ಅಲ್ಲ, ಪಟ್ಟಿ! ಆತ ಸುಮ್ಮನೆ ಬಿಡ್ಲಿಲ್ಲ. ಮಿಲಿಟರಿ ಪೊಲೀಸರನ್ನ ಕರ್ಕೊಂಡು ಬಂದು ಹಿಡಿಸಿದ. ಅವನ ಕೈಕೆಳಗಿನ ಬಿಳಿ ಡಾಕ್ಟರುಗಳು ಕರಿಯನ ಕೆಳಗೆ ಕೆಲಸ ಮಾಡಲ್ಲ ಅಂತ ಲಿಂಕನ್‌ಗೇ ಅರ್ಜಿ ಹಾಕಿದ್ರು. ಮೇಜರ್ ದರ್ಜೆಯ ಡಾಕ್ಟರ್‌ಗೂ ಬಟವಾಡೆ ಮಾಡೋನು ಎಣಿಸಿದ್ದು ಅದೇ 7 ಡಾಲರ್. ಅವನು ಸೆನೆಟರ್‌ಗೆ ದೂರು ಬರೆದು ಸರಿ ಮಾಡಿಸ್ಕೊಂಡ. ಮೀಸಲು ಕ್ಷೇತ್ರದಿಂದ ಗೆದ್ದು ಬಂದ ನಮ್ಮ ಪಂಚಾಯ್ತಿ ಅಧ್ಯಕ್ಷೆಗೆ ಕುರ್ಚಿ ಕೊಡದೆ ನಿಲ್ಸಿದ ಸುದ್ದಿ ಓದಿದಾಗಲೆಲ್ಲ ನನಗೆ ಆಗಸ್ಟಾನ ಕಿತ್ತ ಪಟ್ಟಿ ನೆನಪಾಗತ್ತೆ.

ಫೋಟೋ ಸುಳ್ಳೂ ಹೇಳತ್ತೆ, ಅದನ್ನೂ ಹೇಳ್ಬೇಕು. ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಒಂದು ಟಿನ್‌ಟೈಪ್ ಇದೆ. ಮಿಸಿಸಿಪ್ಪಿಯ ಆಂಡ್ರೂ ಚಾಂಡ್ಲರ್, ಪಕ್ಕದಲ್ಲಿ ಸೈಲಸ್ ಅನ್ನೋ ಕಪ್ಪು ಮನುಷ್ಯ. ಇಬ್ಬರೂ ದಕ್ಷಿಣದ ಸಮವಸ್ತ್ರದಲ್ಲಿ, ಇಬ್ಬರ ಕೈಲೂ ಆಯುಧ, ಭುಜಕ್ಕೆ ಭುಜ. ಇದನ್ನ ಹಿಡ್ಕೊಂಡು ನೋಡಿ, ಕಪ್ಪು ಜನರೇ ದಕ್ಷಿಣದ ಪರ ಹೋರಾಡಿದ್ರು, ಗುಲಾಮಗಿರಿ ಅಷ್ಟೇನೂ ಕೆಟ್ಟದಿರ್ಲಿಲ್ಲ ಅಂತ ವರ್ಷಗಟ್ಟಲೆ ಪ್ರಚಾರ ಮಾಡಿದ್ರು. ನಿಜ ಏನಂದ್ರೆ ಸೈಲಸ್ ಆ ಮನೆಯ ಗುಲಾಮ. ಯಜಮಾನನ ಸೇವೆಗೆ ಅಂತ ಯುದ್ಧಭೂಮಿಗೆ ಕರ್ಕೊಂಡು ಹೋದವನು. ಕಪ್ಪು ಜನರನ್ನ ಸೈನಿಕರಾಗಿ ತಗೊಳ್ಳೋಕೆ ದಕ್ಷಿಣ ಕಾನೂನು ಮಾಡಿದ್ದೇ 1865ರ ಮಾರ್ಚಿನಲ್ಲಿ, ಸೋಲೋಕೆ ಕೆಲವೇ ವಾರ ಮುಂಚೆ. ನಮ್ಮಲ್ಲೂ ಗೌಡ್ರ ಮನೆ ಫೋಟೋದಲ್ಲಿ ಪಕ್ಕದಲ್ಲಿ ನಿಂತಿರೋ ನಮ್ಮಜ್ಜಂದಿರನ್ನ ತೋರ್ಸಿ "ನಮ್ಮನೇಲಿ ಜಾತಿಭೇದ ಇರ್ಲಿಲ್ಲ" ಅನ್ನೋರು ಇದಾರೆ. ಊಟ ಎಲ್ಲಿ ಹಾಕ್ತಿದ್ರಿ ಅಂತ ಕೇಳ್ಬೇಕು.

ಹಾಗಾಗಿ ದಕ್ಷಿಣದ ಜನರಲ್‌ಗಳನ್ನ ನಾನು ಇಟ್ಕೊಂಡಿಲ್ಲ. ಸಂಗ್ರಾಹಕರಿಗೆ ಅವರ ಫೋಟೋ ಅಂದ್ರೆ ಪ್ರಾಣ. ನನಗೆ ಬೇಡ. ಇನ್ನೊಂದು ನಿಯಮ ಮುರಿದಿದೀನಿ. ಆಲ್ಬಮ್ಮಿನ ಮೊದಲ ಪುಟದಲ್ಲಿರೋನು ಆಫೀಸರ್ರೇ ಅಲ್ಲ. ಒಡವೆ ವ್ಯಾಪಾರಿ ಟಾಮ್ ಲಿಲ್ಜೆನ್‌ಕ್ವಿಸ್ಟ್ ತನ್ನ ಮಕ್ಕಳ ಜೊತೆ ಸೇರ್ಕೊಂಡು ನೂರಾರು ಫೋಟೋ ಕೂಡಿಸಿ 2010ರಲ್ಲಿ ಆ ಲೈಬ್ರರಿಗೆ ದಾನ ಕೊಟ್ಟ. ಅದರಲ್ಲಿ ಸಿಕ್ಕಿದ್ದು. ಸಮವಸ್ತ್ರದ ಒಬ್ಬ ಕಪ್ಪು ಸೈನಿಕ, ಹೆಂಡತಿ, ಒಂದೇ ಥರದ ಕೋಟು ಟೋಪಿ ಹಾಕಿರೋ ಎರಡು ಹೆಣ್ಣುಮಕ್ಕಳು. ಹೆಸರಿಲ್ಲ. ನನಗೂ ಎರಡು ಹೆಣ್ಣುಮಕ್ಕಳು, ಅದಕ್ಕೆ.

ನನ್ನ ಒಂದೇ ಒಂದು ಅಸಲಿ ಕಾರ್ಟ್ ದ ವಿಸೀಟ್ ಬಂದಿದ್ದು ಅಲ್ಲಿ ಕೆಲಸದಲ್ಲಿರೋ ನಮ್ಮ ಗೆಳತಿಯೊಬ್ಬರಿಂದ. ಹಳೇ ಸಾಮಾನಿನ ಸಂತೇಲಿ ಕಮ್ಮಿ ಬೆಲೆಗೆ ಸಿಕ್ತು ಅಂತ ಪುಸ್ತಕದ ಮಧ್ಯೆ ಇಟ್ಕೊಂಡು ತಂದುಕೊಟ್ರು. ಬಿಳಿ ಲೆಫ್ಟಿನೆಂಟ್, ಯಾರೋ ಗೊತ್ತಿಲ್ಲ. ಹಿಂದೆ ಹಸಿರು ಬಣ್ಣದ ಮೂರು ಸೆಂಟಿನ ತೆರಿಗೆ ಸ್ಟಾಂಪು. ಯುದ್ಧದ ಖರ್ಚಿಗೆ ಅಂತ 1864ರ ಸೆಪ್ಟೆಂಬರಿನಿಂದ 1866ರ ಆಗಸ್ಟ್‌ವರೆಗೆ ಫೋಟೋಕ್ಕೂ ತೆರಿಗೆ ಇತ್ತು, ಹಾಗಾಗಿ ಈ ಫೋಟೋ ಆ ಎರಡು ವರ್ಷದೊಳಗಿನದು. ಸ್ಟಾಂಪಿನ ಪಕ್ಕ ಪೆನ್ಸಿಲ್‌ನಲ್ಲಿ ಒಂದೇ ಪದ: ಬ್ರದರ್. ಯಾರ ಅಣ್ಣನೋ ತಮ್ಮನೋ.

ಸ್ವೇಲ್ಸ್ ಮುಂದೇನಾದ ಅಂತ ಕೇಳಬಹುದು. ಯುದ್ಧ ಆದ್ಮೇಲೆ ದಕ್ಷಿಣ ಕ್ಯಾರೊಲಿನಾದ ಕಿಂಗ್ಸ್‌ಟ್ರೀ ಅನ್ನೋ ಊರಲ್ಲಿ ನೆಲೆ ನಿಂತ. ವಕೀಲನಾದ, ಊರ ಮೇಯರ್ ಆದ, ಹತ್ತು ವರ್ಷ ರಾಜ್ಯದ ಸೆನೆಟ್‌ನಲ್ಲಿದ್ದ. 1878ರಲ್ಲಿ ಬಿಳಿಯರು ಕೊಲೆ ಬೆದರಿಕೆ ಹಾಕಿ ಊರು ಬಿಡಿಸಿದ್ರು. ಆಮೇಲೆ ವಾಷಿಂಗ್ಟನ್ನಿನಲ್ಲಿ ಸರ್ಕಾರಿ ನೌಕರಿ, ಅಂಚೆ ಇಲಾಖೆ, ಖಜಾನೆ ಇಲಾಖೆ. ನಮ್ಮ ಥರಾನೇ ಕಡತದ ಕೆಲಸ. 1900ರಲ್ಲಿ ತೀರಿಕೊಂಡ. ಚಾರ್ಲ್ಸ್‌ಟನ್ನಿನ ಸಮಾಧಿ ಮೇಲೆ ಹೆಸರಿನ ಕಲ್ಲು ಬಂದಿದ್ದು 2006ರಲ್ಲಿ.

ಅವನ ಫೋಟೋ ನಾನು ಪ್ರಿಂಟ್ ಹಾಕ್ಸಿದ್ದು ಹಿಂಬಡ್ತಿ ಆದ ವರ್ಷ. ಸ್ಟುಡಿಯೋದವನು ಪ್ರಿಂಟ್ ಕೈಲಿ ಹಿಡ್ಕೊಂಡು ತುಂಬ ಹೊತ್ತು ನೋಡಿ, "ಇವ್ರು ನಿಮ್ ಕಡೆಯೋರಾ ಸಾರ್?" ಅಂದ. ಹೌದು ಅಂದೆ.

2018ರ ಹೊಸ ಕಾಯ್ದೆ ಬಂತು, 2019ರ ಮೇನಲ್ಲಿ ಅದು ಊರ್ಜಿತ ಆಯ್ತು. ನನ್ನ ಕುರ್ಚಿ ವಾಪಸ್ ಬಂತು. ಮಧ್ಯದಲ್ಲಿ ಹೋದ ತಿಂಗಳುಗಳ ಲೆಕ್ಕ ಯಾವ ಸೇವಾ ಪುಸ್ತಕದಲ್ಲೂ ಬರೆಯೋಕೆ ಜಾಗ ಇಲ್ಲ. ಊರಿಗೆ ಹೋಗಿ ಅವ್ವಂಗೆ ಹೇಳಿದೆ. ಗೋಡೆ ಕಡೆ ನೋಡ್ದೆ. ಫೋಟೋ ಇದ್ದಲ್ಲೇ ಇತ್ತು. ಗಾಜು ಒರೆಸಿ ಇಟ್ಟಿದ್ಲು.

"ಇಳ್ಸಿರ್ನಿಲ್ವ ಅವ್ವ?"

"ನೀನು ಏನೂ ಅನ್ನದೆ ಎದ್ದೋದೆಯಲ್ಲ," ಅಂದ್ಲು. ಆಮೇಲೆ ಕೋಟಿನ ತೋಳು ಗಿಡ್ಡ ಆಯ್ತು, ಈ ಸಲ ನಿನ್ನದೇ ಒಂದು ಹೊಲುಸ್ಕ ಅಂದ್ಲು.